ಸ್ಟ್ಯಾಕ್‌ನ ಎರಡನೇ ಸ್ವಿಚ್ ಬದಲಿಸಿದ ರಾತ್ರಿ

ಮೂರು ಸಿಸ್ಕೋ ಕ್ಯಾಟಲಿಸ್ಟ್ 3750 ನೆಟ್‌ವರ್ಕ್ ಸ್ವಿಚ್‌ಗಳ ಸ್ಟ್ಯಾಕ್, ಅಂದರೆ ಕೇಬಲ್‌ಗಳಿಂದ ಬಳೆಯಂತೆ ಜೋಡಿಸಿ ಒಂದೇ ಸ್ವಿಚ್ಚಿನಂತೆ ಓಡುವ ಗುಂಪು. 1ನೆಯದು ಗುಂಪನ್ನು ನಡೆಸುವ ಮಾಸ್ಟರ್, ಬದಲಿಸಬೇಕಿದ್ದದ್ದು 2ನೆಯದು. ಆ ರಾತ್ರಿ ಹೆಚ್ಚು ಹೊತ್ತು ಹಿಡಿದದ್ದು ರ‍್ಯಾಕ್ ಮುಂದಿನ ಕೆಲಸವಲ್ಲ, ಮೇಜಿನ ಮೇಲಿನ ತಯಾರಿ.

ಕಾನ್ಫಿಗರೇಶನ್ (ಸೆಟ್ಟಿಂಗ್‌ಗಳ ಸಾಲುಗಳು) ಇಡೀ ಸ್ಟ್ಯಾಕ್‌ನದು. 2ನೇ ಸ್ವಿಚ್ ಕಿತ್ತರೂ 2/0/1ರಿಂದ (2ನೇ ಸ್ವಿಚ್‌ನ ಮೊದಲ ಪೋರ್ಟ್) ಶುರುವಾಗುವ ಪೋರ್ಟ್‌ಗಳ ಸಾಲುಗಳು ಮಾಸ್ಟರ್‌ನಲ್ಲಿ ಹಾಗೇ ಉಳಿಯುತ್ತವೆ. 2ನೇ ಜಾಗದ ಸ್ವಿಚ್ ಯಾವ ಮಾದರಿ ಎಂದು ಹೇಳುವ ‘ಸ್ವಿಚ್ 2 ಪ್ರೊವಿಷನ್’ ಸಾಲನ್ನು ಅಳಿಸದಿದ್ದರೆ ಸಾಕು. ಆದರೂ ಆಗ ಚಾಲ್ತಿಯಲ್ಲಿದ್ದ ರನ್ನಿಂಗ್ ಕಾನ್ಫಿಗ್ ಅನ್ನು ಟಿಎಫ್‌ಟಿಪಿ (ಫೈಲ್ ಕಾಪಿ ಮಾಡುವ) ಸರ್ವರ್‌ಗೆ ಕಾಪಿ ಮಾಡಿದೆವು. ಜೊತೆಗೆ ಸ್ವಿಚ್‌ನ ಫ್ಲ್ಯಾಶ್ ಮೆಮೊರಿಯಲ್ಲಿರುವ ವಿಲ್ಯಾನ್ (ಒಂದೇ ನೆಟ್‌ವರ್ಕ್‌ನೊಳಗಿನ ಪ್ರತ್ಯೇಕ ವಿಭಾಗಗಳು) ಡೇಟಾಬೇಸ್ ಫೈಲನ್ನೂ. ವಿಲ್ಯಾನ್ ಪಟ್ಟಿಯನ್ನು ಸ್ವಿಚ್‌ಗಳ ನಡುವೆ ಹಂಚುವ ವಿಟಿಪಿ ಸರ್ವರ್ ಮೋಡ್‌ನಲ್ಲಿದ್ದರೆ ವಿಲ್ಯಾನ್‌ಗಳ ಪಟ್ಟಿ ಇರುವುದು ಆ ಫೈಲ್‌ನಲ್ಲೇ. ಬಹಳ ಜನ ಬಿಟ್ಟುಬಿಡುವುದು ಅದನ್ನೇ.

ನಿಜವಾದ ಅಪಾಯ ಬದಲಿ ಸ್ವಿಚ್‌ನಲ್ಲಿತ್ತು. ಅದು ಹಿಂದೆ ಬೇರೊಂದು ಸ್ಟ್ಯಾಕ್‌ನಲ್ಲಿದ್ದದ್ದು. ಉಳಿಸಿದ ಕಾನ್ಫಿಗ್ ಅಳಿಸುವ ‘ರೈಟ್ ಇರೇಸ್’ ಕೊಟ್ಟರೂ ಹಳೆಯ ಸದಸ್ಯ ಸಂಖ್ಯೆ, ಪ್ರಯಾರಿಟಿ (ಹೆಚ್ಚಿದ್ದವರು ಮಾಸ್ಟರ್ ಆಗುವ ಅಂಕ) ಎರಡೂ ಅಳಿಯುವುದಿಲ್ಲ. ಕನ್ಸೋಲ್ ಹಾಕಿ ‘ಶೋ ಸ್ವಿಚ್’ ನೋಡಿದರೆ ಪ್ರಯಾರಿಟಿ 15, ಗರಿಷ್ಠ! ಅದನ್ನು ಆನ್ ಇದ್ದಂತೆಯೇ ಸ್ಟ್ಯಾಕ್‌ಗೆ ಜೋಡಿಸಿದ್ದರೆ, ಎರಡು ಮಾಸ್ಟರ್‌ಗಳ ನಡುವೆ ಹೊಸದಾಗಿ ಆಯ್ಕೆ ನಡೆದು, ಕಡಿಮೆ ಪ್ರಯಾರಿಟಿಯ ನಮ್ಮ ಸ್ಟ್ಯಾಕ್ ರೀಲೋಡ್ ಆಗಿ, ಬದಲಿಯ ಖಾಲಿ ಕಾನ್ಫಿಗ್ ಎಲ್ಲದರ ಮೇಲೂ ಕೂತುಬಿಡುತ್ತಿತ್ತು. ಪ್ರಯಾರಿಟಿಯನ್ನು 1ಕ್ಕಿಳಿಸಿ, ಸಂಖ್ಯೆಯನ್ನು ರೀನಂಬರ್ ಮಾಡಿ 2 ಮಾಡಿ, ರೀಲೋಡ್ ಕೊಟ್ಟೆವು. ರೀಲೋಡ್ ಆಗದೆ ಹೊಸ ಸಂಖ್ಯೆ ಜಾರಿಗೆ ಬರುವುದಿಲ್ಲ.

ಐಒಎಸ್ (ಸ್ವಿಚ್‌ನ ಸಾಫ್ಟ್‌ವೇರ್) ಆವೃತ್ತಿ, ಎಸ್‌ಡಿಎಂ ಟೆಂಪ್ಲೇಟ್ (ಸ್ವಿಚ್‌ನ ಮೆಮೊರಿ ಯಾವುದಕ್ಕೆ ಎಷ್ಟು ಎಂಬ ಹಂಚಿಕೆ) ಎರಡನ್ನೂ ಸ್ಟ್ಯಾಕ್‌ಗೆ ಹೊಂದಿಸಿದೆವು. ಆವೃತ್ತಿಯನ್ನು ಸ್ಟ್ಯಾಕ್ ತಾನೇ ಸರಿಪಡಿಸಿಕೊಳ್ಳಬಲ್ಲದು ನಿಜ, ಆದರೆ ಅರ್ಧರಾತ್ರಿಯಲ್ಲಿ ಅದನ್ನು ನಂಬಿ ಕೂರುವುದಕ್ಕಿಂತ ಮೊದಲೇ ಕೈಯಾರೆ ಹಾಕುವುದು ಒಳ್ಳೆಯದು. ಮಾದರಿಯೂ ಅದೇ ಆಗಿರಬೇಕು: 48 ಪೋರ್ಟ್‌ನ ಜಾಗಕ್ಕೆ 24 ಪೋರ್ಟ್‌ನದು ಬಂದರೆ ಕಾಯ್ದಿಟ್ಟ ಸಾಲುಗಳ ಬದಲು ಡಿಫಾಲ್ಟ್ ಸೆಟ್ಟಿಂಗ್ ಬಂದು ಕೂರುತ್ತದೆ.

ಕೀಳುವ ಮುನ್ನ ‘ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್’. ಮೂರರ ಆರೂ ಸ್ಟ್ಯಾಕ್ ಪೋರ್ಟ್‌ಗಳು ಓಕೆ ಎಂದಿರಲೇಬೇಕು. 1 ಮತ್ತು 3ರ ನಡುವಿನ ಕೇಬಲ್ ಮೊದಲೇ ಸತ್ತಿದ್ದರೆ, ನಡುವಿನದನ್ನು ತೆಗೆದ ಕ್ಷಣ ಸ್ಟ್ಯಾಕ್ ಎರಡು ಹೋಳಾಗಿ, ಎರಡೂ ಒಂದೇ ಐಪಿ ವಿಳಾಸ ಹಿಡಿದು ನಿಲ್ಲುತ್ತವೆ.

ನೆಟ್‌ವರ್ಕ್ ಕೇಬಲ್‌ಗಳಿಗೆ ಪೋರ್ಟ್ ಸಂಖ್ಯೆಯ ಚೀಟಿ ಅಂಟಿಸಿ, ಫೋಟೋ ತೆಗೆದು, 2ನೆಯದರ ಪವರ್ ತೆಗೆದೆವು. ಹೊಸದನ್ನು ರ‍್ಯಾಕ್‌ಗೆ ಕೂರಿಸಿ, ಎಸ್‌ಎಫ್‌ಪಿಗಳನ್ನು (ಕೇಬಲ್ ಸಿಕ್ಕಿಸುವ ಪುಟ್ಟ ಮಾಡ್ಯೂಲ್‌ಗಳು) ಹಾಕಿ, ಸ್ಟ್ಯಾಕ್ ಕೇಬಲ್‌ಗಳ ತಿರುಪನ್ನು ಪೂರ್ತಿ ಬಿಗಿ ಮಾಡಿದ ಮೇಲೆಯೇ ಪವರ್ ಕೊಟ್ಟದ್ದು.

‘ಶೋ ಸ್ವಿಚ್’ನಲ್ಲಿ ಹೊಸದು ‘ರೆಡಿ’ ಎಂದು ಬಂದ ಮೇಲೂ ಕಾನ್ಫಿಗ್ ಸೇವ್ ಮಾಡಲಿಲ್ಲ. ರನ್ನಿಂಗ್ ಕಾನ್ಫಿಗ್ ಅನ್ನು ಹಳೆಯ ಪ್ರತಿಯೊಂದಿಗೆ ಸಾಲು ಸಾಲಾಗಿ ಹೋಲಿಸಿದೆವು. ಅವಸರಪಟ್ಟು ಸೇವ್ ಮಾಡಿದರೆ, ಏನಾದರೂ ಡಿಫಾಲ್ಟ್‌ಗೆ ಬಿದ್ದಿದ್ದಲ್ಲಿ ಸ್ಟಾರ್ಟಪ್ ಕಾನ್ಫಿಗ್‌ನಲ್ಲಿ (ಆನ್ ಆಗುವಾಗ ಓದುವ, ಉಳಿಸಿಟ್ಟ ಕಾನ್ಫಿಗ್) ಇರುವ ಒಳ್ಳೆಯ ಪ್ರತಿಯೂ ಹೋಗುತ್ತದೆ. ವ್ಯತ್ಯಾಸ ಒಂದೂ ಸಿಗದ ಮೇಲೆ ‘ರೈಟ್ ಮೆಮೊರಿ’ ಕೊಟ್ಟು ಸೇವ್ ಮಾಡಿದೆವು.