ಬೆರಳು ಮಡಚದ ಬೆಳಗ್ಗೆ

ಜನವರಿಯ ಒಂದು ಸೋಮವಾರ. ತಮ್ಮನನ್ನು ಉಜಿರೆಯ ಹಾಸ್ಟೆಲ್‌ಗೆ ಬಿಡಲು ಬೆಳಗ್ಗೆ 5.30ಕ್ಕೆ ಮೂಡಿಗೆರೆಯಿಂದ ಬೈಕಲ್ಲಿ ಹೊರಟೆವು. ಸ್ವೆಟರ್ ಮೇಲೆ ಜರ್ಕಿನ್ ಹಾಕಿದ್ದೆ. ಗ್ಲೌಸ್ ಮನೆಯಲ್ಲೇ ಉಳಿದಿತ್ತು. ಅಷ್ಟಕ್ಕೆ ವಾಪಸ್ ಯಾಕೆ ಹೋಗೋದು ಅನ್ನಿಸಿತು.

ಬಣಕಲ್ ಹತ್ತಿರ ಬರುವಷ್ಟರಲ್ಲಿ ಮಂಜು ದಟ್ಟವಾಯಿತು. ಹೈ ಬೀಮ್ ಹಾಕಿದರೆ ಎದುರಿಗೆ ಬರೀ ಬಿಳಿ. ಮಂಜಿನ ಹನಿಗೆ ಬಡಿದ ಬೆಳಕು ನಮ್ಮ ಕಣ್ಣಿಗೇ ತಿರುಗಿ ಬರುತ್ತದಲ್ವಾ. ಡಿಮ್ ಮಾಡಿದ ಮೇಲೆ ರಸ್ತೆಯಂಚಿನ ಗೆರೆ ಕಂಡಿತು, ಅದನ್ನೇ ಹಿಡಿದು ಹೋದೆ. ಉಸಿರಿಗೆ ಹೆಲ್ಮೆಟ್ ಗಾಜು ಮಬ್ಬಾಗದಿರಲಿ ಅಂತ ಒಂದು ಬೆರಳಷ್ಟು ಎತ್ತಿಟ್ಟಿದ್ದೆ. ತೋಟದ ಸಿಲ್ವರ್ ಮರಗಳಿಂದ ಇಬ್ಬನಿ ತೊಟ್ಟಿಕ್ಕಿ ರಸ್ತೆಯೆಲ್ಲ ಒದ್ದೆ.

ಕೈ ತುಂಬ ನೋಯುತ್ತಿತ್ತು. ಆಮೇಲೆ ನೋವು ತಾನಾಗಿ ನಿಂತಿತು. ಚಳಿಗೆ ಒಗ್ಗಿತು ಅಂದುಕೊಂಡೆ. ಒಗ್ಗಿರಲಿಲ್ಲ, ಬೆರಳು ಸತ್ತಿತ್ತು.

ತಿರುವಿನಾಚೆ ಕಾಫಿ ಕೊಯ್ಲಿನ ಆಳುಗಳನ್ನು ಹತ್ತಿಸಿಕೊಳ್ಳಲು ಪಿಕಪ್ ನಿಂತಿತ್ತು. ಹಿಂದೆ ಲೈಟ್ ಇಲ್ಲ. ಬ್ರೇಕ್ ಹಿಡಿಯಲು ಹೋದೆ, ಬೆರಳು ಮಡಚಲೇ ಇಲ್ಲ. ಲಿವರ್ ಮೇಲೆ ಕಡ್ಡಿಗಳ ಹಾಗೆ ಸುಮ್ನೆ ಕೂತಿದ್ದವು. ಕಾಲಿನ ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಜಾರಿತು. ಪಿಕಪ್ಪಿಗೆ ಒಂದು ಮೊಳ ಇರುವಾಗ ನಿಂತೆವು. ಬುತ್ತಿ ಹಿಡಿದು ಹತ್ತುತ್ತಿದ್ದ ಹೆಂಗಸು ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ನಮ್ಮನ್ನೇ ನೋಡುತ್ತಿದ್ದರು. ಅವರ ಮುಖ ಇವತ್ತಿಗೂ ಕಣ್ಣೆದುರಿಗಿದೆ.

ಕೊಟ್ಟಿಗೆಹಾರದವರೆಗೆ ಬೈಕನ್ನು ಆಮೆಯ ಹಾಗೆ ತಂದೆ. ಹೋಟೆಲಲ್ಲಿ ಹೆಲ್ಮೆಟ್ ಬಕಲ್ ಬಿಚ್ಚಿದ್ದು ತಮ್ಮ. ನಾನು ಒಲೆಯ ಕಡೆ ಕೈ ಚಾಚಿದ್ದೆ ತಡ, ದೋಸೆ ಹುಯ್ಯುತ್ತಿದ್ದ ಹಿರಿಯರು ಗದರಿದರು.

"ಬೆಂಕಿಗೆ ಹಿಡೀಬೇಡ ಮಾರಾಯ, ಸುಟ್ಟರೂ ಗೊತ್ತಾಗಲ್ಲ. ಕಂಕುಳಲ್ಲಿ ಇಟ್ಕೋ."

ಇಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಸೂಜಿ ಚುಚ್ಚಿದ ಹಾಗಾಗಿ ಬೆರಳಿಗೆ ಜೀವ ಬಂತು. ಅವರೇ ಹಳೆ ಪೇಪರ್ ಕೊಟ್ಟು, ಜರ್ಕಿನ್ ಒಳಗೆ ಎದೆಗೆ ಇಟ್ಟುಕೊಳ್ಳಲು ಹೇಳಿದರು. ಉಣ್ಣೆ ಗಾಳಿಯನ್ನು ಬಿಡುತ್ತದೆ, ಪೇಪರ್ ಬಿಡುವುದಿಲ್ಲ. ಪಕ್ಕದ ಅಂಗಡಿ ತೆರೆದಾಗ ಗ್ಲೌಸ್ ಕೊಂಡೆ.

ಮಂಜು ಏಳುವವರೆಗೂ ಕಾದೆವು. ತಮ್ಮನ ಮೊದಲ ಕ್ಲಾಸ್ ತಪ್ಪಿತು. ಅವನು ಏನೂ ಅನ್ನಲಿಲ್ಲ, ಇನ್ನೆರಡು ನೀರ್ ದೋಸೆ ಹೇಳಿದ.

ಚಾರ್ಮಾಡಿ ಇಳಿಯುವಾಗ ಮಾತ್ರ ಪ್ರತಿ ತಿರುವಿಗೂ ಮುಂಚೆ ಹಿಂದಿನಿಂದ ಭುಜ ತಟ್ಟುತ್ತಿದ್ದ. "ಅಣ್ಣ, ಬೆರಳು ಆಡಿಸು."