ಎಲ್ಲಿ ಇಡ್ಲಿರಿ ಅಕ್ಕಾರ?

ಡಬ್ಬಿಯ ಸೀಲು ಒಡೆದಿರಲಿಲ್ಲ. ಹೋದ ತಿಂಗಳು ಆ ಹೆಣ್ಣುಮಗಳಿಗೆ ಅವಳ ಗಂಡ ಹುಬ್ಬಳ್ಳಿಯಿಂದ ತಂದುಕೊಟ್ಟಿದ್ದ ಮೂವತ್ತು ಗುಳಿಗೆ ಒಳಗೆ ಹಾಗೇ ಇದ್ದವು. ವೈದ್ಯರು ಅದನ್ನು ಮೇಜಿನ ಮೇಲೆ ಕುಕ್ಕಿ, ಅವಳ ಎದುರಿಗೇ ನನ್ನ ಕಡೆ ತಿರುಗಿ, "ನೋಡ್ರಿ ಮೇಡಂ, ಎಷ್ಟ್ ಹೇಳಿದ್ರೂ ಇವ್ರಿಗೆ ತಿಳಿಯಂಗಿಲ್ಲ. ನೀವ ಸ್ವಲ್ಪ ಬುದ್ಧಿ ಹೇಳ್ರಿ" ಎಂದರು. ಬುದ್ಧಿ ಹೇಳಲಿಕ್ಕೆಂದು ಅವಳನ್ನು ನನ್ನ ಕೋಣೆಗೆ ಕರೆದುಕೊಂಡು ಬಂದೆ. ಬಾಗಿಲು ಹಾಕಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು. "ತಗೋಬೇಕು ಅನ್ನೂದು ಗೊತ್ತೈತ್ರಿ ಅಕ್ಕಾರ. ಆದ್ರ ಇದನ್ನ ಮನ್ಯಾಗ ಎಲ್ಲಿ ಇಡ್ಲಿ?"

ವಾರ ಮುಗಿಯುತ್ತ ಬಂತು. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಾನು ಬಾಗಲಕೋಟೆ ಕಡೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಎಚ್‌ಐವಿ ಆಪ್ತಸಮಾಲೋಚಕಿ. ಇಲ್ಲಿ ಬರೆಯುವಾಗ ಅವಳ ಗುರುತು ಹತ್ತುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಗಂಡನಿಗೆ ಈಚೆಗಷ್ಟೇ ಸೋಂಕು ಗೊತ್ತಾಗಿದೆ, ಅವಳಿಗೆ ಇಲ್ಲ. ಇಬ್ಬರಿಗೂ ಮಗು ಬೇಕು. ಅವನು ಎಆರ್‌ಟಿ ಎಂಬ ಎಚ್‌ಐವಿ ಚಿಕಿತ್ಸೆಯ ಗುಳಿಗೆಯನ್ನು ತಪ್ಪದೆ ನುಂಗಿ ರಕ್ತದಲ್ಲಿನ ವೈರಸ್ಸು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ನಿಂತರೆ ಅವಳಿಗೆ ಸೋಂಕು ದಾಟುವುದಿಲ್ಲ. ಆದರೆ ಅದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಅವಳನ್ನು ಕಾಯಲು ಪ್ರೆಪ್ ಎಂಬ ತಡೆ ಗುಳಿಗೆ ಇದೆ. ಟೆನೊಫೊವಿರ್ ಮತ್ತು ಎಮ್ಟ್ರಿಸಿಟಬಿನ್ ಸೇರಿದ ಈ ಗುಳಿಗೆಯನ್ನು ದಿನಕ್ಕೊಂದು ನುಂಗಬೇಕು. ಕಿಡ್ನಿ, ಹೆಪಟೈಟಿಸ್ ಬಿ ಎಲ್ಲ ಪರೀಕ್ಷಿಸಿಯೇ ವೈದ್ಯರು ಬರೆದುಕೊಟ್ಟಿದ್ದರು. ಅವರ ಕೆಲಸದಲ್ಲಿ ಕೊರತೆಯಿಲ್ಲ. ಹೊರರೋಗಿಗಳ ಸಾಲು ಬಾಗಿಲಾಚೆ ದಾಟಿರುವಾಗಲೂ ಆಕೆಗೆ ಕೂರಿಸಿ ವಿವರಿಸಿದ್ದರು. ಎಷ್ಟು ಹೊತ್ತಿಗೆ, ಊಟದ ಮೊದಲೋ ಆಮೇಲೋ, ಮೊದಲ ವಾರಗಳಲ್ಲಿ ಹೊಟ್ಟೆ ತೊಳಸಿದರೆ ಏನು ಮಾಡಬೇಕು, ಎಲ್ಲ ಹೇಳಿದ್ದರು. ಎಲ್ಲಿಡುತ್ತೀ ಎಂದು ಕೇಳಿರಲಿಲ್ಲ. ಗಂಡಸಾದವನಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲವೇನೋ.

ಅವಳೇ ಒಂದೊಂದಾಗಿ ಹೇಳಿದಳು. ಟ್ರಂಕಿನ ಕೀಲಿ ಅತ್ತೆಯ ಸೆರಗಿನಲ್ಲಿ. ಅಡಿಗೆ ಮನೆಯ ಡಬ್ಬಿಗಳಿಗೆ ನಾದಿನಿ ದಿನಕ್ಕೆ ಹತ್ತು ಸಲ ಕೈ ಹಾಕುತ್ತಾಳೆ. ಬಚ್ಚಲಲ್ಲಿ ಇಟ್ಟರೆ ಹಸಿ ಆರುವುದಿಲ್ಲ, ಗುಳಿಗೆ ಕೆಡುತ್ತದೆ. ಹಾಸಿಗೆಯನ್ನು ಬೆಳಗಾದರೆ ಸುತ್ತಿಡಬೇಕು. ಡಬ್ಬಿ ಅಲುಗಾಡಿದರೆ ಸದ್ದಾಗುತ್ತದೆ. ಆಮೇಲೆ, ದನಿ ತಗ್ಗಿಸಿ, "ಅವರ ಡಬ್ಬಿ ದೇವರ ಮಾಡದಾಗ ಐತ್ರಿ. ಶುಗರಿನ ಗುಳಿಗಿ ಅಂತ ಹೇಳ್ಯಾರ. ದಿನಾ ರಾತ್ರಿ ನಮ್ಮತ್ತಿನ ನೀರು ತಂದು ಕೊಡ್ತಾರ" ಎಂದಳು.

ನಿನಗೂ ಒಂದು ನೆಪ ಹುಡುಕೋಣ ಎಂದೆ. ರಕ್ತ ಕಡಿಮೆ ಇದೆ, ಶಕ್ತಿಯ ಗುಳಿಗೆ ಎಂದರೆ? ಅವಳು ನನ್ನನ್ನು ನೋಡಿದ ಬಗೆಯಲ್ಲೇ ಉತ್ತರವಿತ್ತು. "ನಾಕು ವರ್ಷಾತ್ರಿ ಲಗ್ನಾಗಿ. ನಾ ದಿನಾ ಗುಳಿಗಿ ನುಂಗಿದ್ರ ಮಕ್ಕಳಾಗದಂಗ ನುಂಗಾಕತ್ತಾಳ ಅಂತಾರ."

ಮಗುವಿಗಾಗಿಯೇ ನುಂಗಬೇಕಾದ ಗುಳಿಗೆ ಅದು. ಡಬ್ಬಿಯ ಮೇಲಿನ ಹೆಸರನ್ನು ನಾದಿನಿ ಫೋನಿನಲ್ಲಿ ಹುಡುಕಿದಳೋ, ಎಚ್‌ಐವಿ ಎಂದೇ ಬರುತ್ತದೆ. ಆಗ ಸೋಂಕು ತಂದವಳು ಇವಳೇ ಎಂದಾಗುತ್ತದೆ, ಅವನದು ಶುಗರಾಗಿಯೇ ಉಳಿಯುತ್ತದೆ. ಗಂಡ ಕೆಟ್ಟವನಲ್ಲ. ಫಲಿತಾಂಶ ಬಂದ ದಿನವೇ ಹೆಂಡತಿಗೆ ಬಾಯಿಬಿಟ್ಟು ಹೇಳಿದ. ವರ್ಷಗಟ್ಟಲೆ ಮುಚ್ಚಿಟ್ಟವರನ್ನು ಕಂಡ ನನಗೆ ಅವನ ಮೇಲೆ ಗೌರವವಿದೆ. ಆದರೂ ಅಂದು ಅವನು ಹೊರಗೆ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದುದನ್ನು ಕಿಟಕಿಯಿಂದ ನೋಡಿ ಸಿಟ್ಟು ಬಂತು. ಅವನ ಗುಳಿಗೆಗೆ ದೇವರ ಪಕ್ಕ ಜಾಗವಿದೆ. ಅವನಿಂದಾಗಿ ಅವಳು ನುಂಗಬೇಕಾದ್ದಕ್ಕೆ ಇಡೀ ಮನೆಯಲ್ಲಿ ಅಂಗೈಯಗಲ ಜಾಗವಿಲ್ಲ.

ಈ ಗುಳಿಗೆಯ ಚರಿತ್ರೆಯಲ್ಲೂ ಇದೇ ನಡೆದಿದೆ. ಕೀನ್ಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಮಹಿಳೆಯರಲ್ಲಿ ನಡೆಯುತ್ತಿದ್ದ ಫೆಮ್-ಪ್ರೆಪ್ ಪ್ರಯೋಗವನ್ನು ಉಪಯೋಗ ಕಾಣದೆ 2011ರಲ್ಲಿ ನಿಲ್ಲಿಸಿದರು. ಆಮೇಲೆ ದಕ್ಷಿಣ ಆಫ್ರಿಕಾ, ಉಗಾಂಡ, ಜಿಂಬಾಬ್ವೆಯ 5,029 ಮಹಿಳೆಯರ ವಾಯ್ಸ್ ಪ್ರಯೋಗ. ಬಹುಪಾಲು ಮಹಿಳೆಯರು ತಪ್ಪದೆ ನುಂಗುತ್ತಿದ್ದೇವೆ ಎಂದಿದ್ದರು. ರಕ್ತ ಪರೀಕ್ಷಿಸಿದರೆ ಗುಳಿಗೆ ಪಡೆದವರ ಮಾದರಿಗಳಲ್ಲಿ ಮೂರನೇ ಒಂದು ಭಾಗದಲ್ಲೂ ಔಷಧ ಕಾಣಲಿಲ್ಲ. ಸುಳ್ಳು ಹೇಳಿದರು, ಶಿಸ್ತಿಲ್ಲ ಎಂಬ ಮಾತು ಸುಲಭವಾಗಿ ಬಂತು. ಹೋಗಿ ಕೂತು ಕೇಳಿದಾಗ ಆ ಮಹಿಳೆಯರು ಹೇಳಿದ್ದೇನು? ಡಬ್ಬಿ ನೋಡಿದವರು ನಮಗೇ ರೋಗವಿದೆ ಅಂದುಕೊಳ್ಳುತ್ತಾರೆ. ಗಂಡ, ಗೆಳೆಯ ಸಂಶಯಪಡುತ್ತಾನೆ. ಗಟ್ಟಿಮುಟ್ಟಾಗಿದ್ದೀಯ, ಔಷಧ ಯಾಕೆ ಎಂದು ಮನೆಯವರು ಬಯ್ಯುತ್ತಾರೆ. ಅಲ್ಲದೆ ಅವರಲ್ಲಿ ಕೆಲವರಿಗೆ ಕೊಟ್ಟಿದ್ದು ಔಷಧವೇ ಇಲ್ಲದ ಗುಳಿಗೆ. ತಮ್ಮ ಪಾಲಿಗೆ ಯಾವುದು ಬಂದಿದೆ ಎಂದೂ ಗೊತ್ತಿಲ್ಲದೆ ಮನೆಯವರ ಬಾಯಿಗೆ ಎದುರು ನಿಲ್ಲು ಎಂದರೆ ಯಾರು ನಿಂತಾರು?

ಅದೇ ಕಾಲಕ್ಕೆ ಕೀನ್ಯಾ, ಉಗಾಂಡದಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 4,700ಕ್ಕೂ ಹೆಚ್ಚು ಜೋಡಿಗಳಲ್ಲಿ ಪ್ರಯೋಗ ನಡೆಯಿತು. ಎರಡು ಔಷಧ ಸೇರಿದ ಇದೇ ಗುಳಿಗೆ ಅಲ್ಲಿ ಸೋಂಕನ್ನು ಶೇಕಡಾ 75ರಷ್ಟು ತಗ್ಗಿಸಿತು. ಅಲ್ಲಿ ಗಂಡಹೆಂಡಿರಿಬ್ಬರಿಗೂ ವಿಷಯ ಗೊತ್ತಿತ್ತು, ಯಾರೂ ಯಾರಿಂದಲೂ ಡಬ್ಬಿ ಮುಚ್ಚಿಡಬೇಕಿರಲಿಲ್ಲ. ನಮ್ಮ ಕಡೆ ಗಂಡನೊಬ್ಬನಿಗೆ ಗೊತ್ತಿದ್ದರೆ ಸಾಲದು ಎಂಬುದು ನನ್ನೆದುರು ಕೂತಿದ್ದವಳನ್ನು ನೋಡಿದರೆ ತಿಳಿಯುತ್ತಿತ್ತು. ಇಲ್ಲಿ ಸೊಸೆಯ ಮೈ ಗಂಡನದಷ್ಟೇ ಅಲ್ಲ, ಇಡೀ ಮನೆಯ ಲೆಕ್ಕದಲ್ಲಿದೆ. ಯಾವಾಗ ಮುಟ್ಟಾದಳು, ಈ ತಿಂಗಳು ತಪ್ಪಿತೇ, ಯಾಕೆ ವಾಂತಿ ಬಂತು ಎಂದು ಎಲ್ಲರೂ ಕಣ್ಣಿಟ್ಟಿರುತ್ತಾರೆ. ಎಚ್‌ಐವಿ ಕುರಿತ 2017ರ ಕಾಯ್ದೆ ಆಸ್ಪತ್ರೆಯಿಂದ ಗುಟ್ಟು ಹೊರಬೀಳದಂತೆ ನನ್ನಂಥವರ ಬಾಯಿ ಕಟ್ಟಿದೆ, ಅದು ಬೇಕಾದ್ದೇ. ನಡುಮನೆಯಲ್ಲಿ ಯಾವ ಕಾಯ್ದೆ ಕಾಯುತ್ತದೆ?

ನನಗೆ ಪದೇ ಪದೇ ಮೈಸೂರು ನೆನಪಾಗುತ್ತಿದೆ. ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿ ಬೆಳೆಸಿದ ಆಶೋದಯ ಸಮಿತಿ ಅಲ್ಲಿ ಈ ಗುಳಿಗೆಯನ್ನು ಆರುನೂರಕ್ಕೂ ಹೆಚ್ಚು ಮಹಿಳೆಯರಿಗೆ ಕೊಟ್ಟು ನೋಡಿತು. ಬಹುತೇಕ ಎಲ್ಲರೂ ಕೊನೆಯವರೆಗೆ ಉಳಿದರು, ಒಬ್ಬರಿಗೂ ಹೊಸದಾಗಿ ಸೋಂಕು ತಗುಲಲಿಲ್ಲ. ಆರಂಭಿಸುವ ಮೊದಲೇ ಕೂತು ಮಾತಾಡಿದ್ದರು, ಭಯಗಳನ್ನು ಬಿಚ್ಚಿಟ್ಟಿದ್ದರು, ಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸಿದ್ದರು. ಮರೆತರೆ ನೆನಪಿಸಲು ಜೊತೆಯವಳಿದ್ದಳು. ಊರು ಬಾಯಿಗೆ ಬಂದಂತೆ ಅನ್ನುವ ಆ ಹೆಣ್ಣುಮಕ್ಕಳಿಗೆ ಒಂದು ಕೋಣೆ ಇತ್ತು, ಗೆಳತಿಯರಿದ್ದರು. ತಾಳಿ ಕಟ್ಟಿಸಿಕೊಂಡು ಮರ್ಯಾದೆಯ ಮನೆಗೆ ಬಂದ ಇವಳಿಗೆ ಈ ಮಾತಾಡಲು ಭೂಮಿಯ ಮೇಲೆ ನಾನೊಬ್ಬಳೇ ಇದ್ದೇನೆ, ಅದೂ ಬಾಗಿಲು ಹಾಕಿದ ಮೇಲೆ.

ಇನ್ನು ಡಬ್ಬಿಯೇ ಬೇಡದ ಔಷಧವೂ ಬಂದಿದೆ. ಲೆನಕಪವಿರ್ ಎಂಬ ಚುಚ್ಚುಮದ್ದು, ಆರು ತಿಂಗಳಿಗೊಮ್ಮೆ. 2024ರಲ್ಲಿ ದಕ್ಷಿಣ ಆಫ್ರಿಕಾ, ಉಗಾಂಡದ ಪ್ರಯೋಗದಲ್ಲಿ ಅದನ್ನು ಪಡೆದ 2,134 ಹುಡುಗಿಯರು, ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ ಎಂಬ ಸುದ್ದಿ ಬಂದಾಗ ಕಣ್ಣು ಒದ್ದೆಯಾಗಿತ್ತು. ಬಡ ದೇಶಗಳಿಗೆ 2027ರಿಂದ ವರ್ಷಕ್ಕೆ 40 ಡಾಲರಿನಂತೆ ಕೊಡುತ್ತೇವೆಂದು ಹೈದರಾಬಾದಿನ ಎರಡು ಕಂಪನಿಗಳು ಹೇಳಿವೆ. ಅದು ನಮ್ಮ ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನ ಪಕ್ಕದ ಕಪಾಟಿಗೂ ಬರಬೇಕು, ಉಚಿತವಾಗಿ ಬರಬೇಕು. ಗಂಡನ ಗುಳಿಗೆಯನ್ನು ಪುಕ್ಕಟೆ ಕೊಡುವ ಸರ್ಕಾರ ಹೆಂಡತಿಯದನ್ನು ಹುಬ್ಬಳ್ಳಿಯ ಅಂಗಡಿಯಲ್ಲಿ ಕೊಂಡುಕೋ ಎನ್ನುವುದು ಯಾವ ನ್ಯಾಯ?

ಅವಳ ಪ್ರಶ್ನೆಗೆ ಸದ್ಯದ ಉತ್ತರವನ್ನು ಅವಳೇ ಹುಡುಕಿಕೊಂಡಳು. ಓಣಿಯಲ್ಲಿ ಅವಳು ಬಟ್ಟೆ ಹೊಲಿಯಲು ಹೋಗುವ ಮನೆಯಿದೆ, ಅಲ್ಲಿಯ ಮಷಿನ್ನಿನ ಖಾನೆಯಲ್ಲಿ ಡಬ್ಬಿ ಇಟ್ಟು ಮಧ್ಯಾಹ್ನ ನುಂಗುತ್ತಾಳಂತೆ. ಭಾನುವಾರದ್ದೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುತ್ತಾಳಂತೆ. ವೈದ್ಯರಿಗೆ ಹೋಗಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನಾ ಕೇಳಬೇಕಿತ್ತ್ರಿ" ಎಂದರು. ಅಷ್ಟು ಅನ್ನುವ ಮನಸ್ಸು ಎಲ್ಲ ವೈದ್ಯರಿಗೂ ಇರುವುದಿಲ್ಲ.

ಇಂಥ ಹೆಂಡಂದಿರು ನಮ್ಮ ಆಸ್ಪತ್ರೆಗೆ ಇನ್ನೂ ಬರುತ್ತಾರೆ, ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ಒಪ್ಪಿದವರನ್ನಷ್ಟೇ ಕೂಡಿಸಲು ಒಂದು ಕೋಣೆ ಕೊಡಿ ಎಂದು ಮೇಲಿನವರಿಗೆ ಅರ್ಜಿ ಬರೆದಿದ್ದೇನೆ. ಹೊರಗೆ ಎಚ್‌ಐವಿ ಎಂದು ಬೋರ್ಡು ಹಾಕುವುದು ಬೇಡ, ಹೊಲಿಗೆ ತರಬೇತಿ ಎಂದಿರಲಿ, ಒಂದೆರಡು ಮಷಿನ್ನುಗಳನ್ನು ನಿಜವಾಗಿಯೂ ಇಡೋಣ ಎಂದಿದ್ದೇನೆ. ಸಂತೆಯ ದಿನವೇ ಬೇಕು ಎಂದೂ ಸೇರಿಸಿದ್ದೇನೆ. ಅವತ್ತು ಹೆಣ್ಣುಮಕ್ಕಳು ಮನೆಯಿಂದ ಹೊರಟರೆ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ.