ನೀವು ಬೌದ್ಧರು, ಹಾಗಾದರೆ ಮಾಂಸ ತಿನ್ನುತ್ತೀರಾ?

ಊಟಕ್ಕೆ ಕುಳಿತಾಗಲೇ ಈ ಪ್ರಶ್ನೆ ಬರುತ್ತದೆ. ನಾನು ಬುದ್ಧನ ದಾರಿಯಲ್ಲಿ ನಡೆಯುವವನೆಂದು ತಿಳಿದವರು ಮೊದಲು ನನ್ನ ತಟ್ಟೆಯನ್ನು ನೋಡುತ್ತಾರೆ, ಆಮೇಲೆ ಮುಖವನ್ನು. "ಬೌದ್ಧರು ಮಾಂಸ ಮುಟ್ಟುವಂತಿಲ್ಲ ಅಲ್ಲವೇ?" ಎಂದು ಕೆಲವರು ಕೇಳಿದರೆ, "ಬುದ್ಧನೇ ತಿಂದಿದ್ದನಂತೆ, ನಿಮಗೇನು ಅಡ್ಡಿ?" ಎಂದು ಇನ್ನು ಕೆಲವರು. ನಾನು ಮಾಂಸ ತಿನ್ನುವುದಿಲ್ಲ. ಆದರೆ ಬೌದ್ಧರು ಯಾರೂ ತಿನ್ನುವುದಿಲ್ಲ ಎಂದರೆ ಅದು ಸುಳ್ಳು. ಥಾಯ್ಲೆಂಡ್, ಶ್ರೀಲಂಕಾ, ಮ್ಯಾನ್ಮಾರ್, ಟಿಬೆಟ್‌ಗಳಲ್ಲಿ ಮೀನು, ಮಾಂಸ ತಿನ್ನುವ ಶ್ರದ್ಧಾವಂತ ಬೌದ್ಧರು ಬಹಳ ಮಂದಿ ಇದ್ದಾರೆ.

ಇದು ಅರ್ಥವಾಗಬೇಕಾದರೆ ಭಿಕ್ಷಾಪಾತ್ರೆಯಿಂದ ಶುರುಮಾಡಬೇಕು. ಭಿಕ್ಷುಗಳ ನಿಯಮಾವಳಿಯಾದ ವಿನಯದ ಪ್ರಕಾರ ಭಿಕ್ಷು ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುವಂತಿಲ್ಲ, ನಾಳೆಗೆಂದು ಕೂಡಿಡುವಂತಿಲ್ಲ, ಯಾರೂ ಕೊಡದೆ ತಾನಾಗಿ ತೆಗೆದುಕೊಂಡು ತಿನ್ನುವಂತಿಲ್ಲ. ಬೆಳಿಗ್ಗೆ ಪಾತ್ರೆ ಹಿಡಿದು ಮನೆಯ ಮುಂದೆ ಮೌನವಾಗಿ ನಿಲ್ಲುತ್ತಾನೆ. ಮನೆಯವರು ತಾವು ಬೇಯಿಸಿದ್ದನ್ನು ಹಾಕುತ್ತಾರೆ. ಇದು ಬೇಕು, ಅದು ಬೇಡ ಎನ್ನುವ ಬಾಯಿ ಅವನಿಗಿಲ್ಲ. ಮಾಂಸದ ವಿಷಯವಾಗಿ ಬುದ್ಧನು ವೈದ್ಯ ಜೀವಕನಿಗೆ ಕೊಟ್ಟ ಉತ್ತರ ಹುಟ್ಟಿದ್ದು ಈ ಬದುಕಿನ ನಡುವೆ. ತನಗಾಗಿಯೇ ಪ್ರಾಣಿಯನ್ನು ಕೊಂದದ್ದನ್ನು ಭಿಕ್ಷು ಕಂಡಿದ್ದರೆ, ಕೇಳಿದ್ದರೆ, ಕಡೆಗೆ ಹಾಗೆಂದು ಅನುಮಾನಪಟ್ಟಿದ್ದರೂ ಆ ಮಾಂಸ ಕೂಡದು. ಈ ಮೂರೂ ಇಲ್ಲದಿದ್ದರೆ ಸ್ವೀಕರಿಸಬಹುದು. ಇದನ್ನೇ ತ್ರಿಕೋಟಿ ಪರಿಶುದ್ಧ ಎನ್ನುತ್ತಾರೆ. ಭಿಕ್ಷುಗಳೆಲ್ಲರೂ ಬದುಕಿನುದ್ದಕ್ಕೂ ಮೀನು, ಮಾಂಸ ಬಿಡಬೇಕೆಂದು ನಿಯಮ ಮಾಡಿ ಎಂದು ಬುದ್ಧನ ದಾಯಾದಿಯೂ ಭಿಕ್ಷುವೂ ಆಗಿದ್ದ ದೇವದತ್ತ ಪಟ್ಟು ಹಿಡಿದಾಗ ಬುದ್ಧನು ಒಪ್ಪಲಿಲ್ಲ. ಹಾಗೆಂದು ಎಲ್ಲ ಮಾಂಸಕ್ಕೂ ಅನುಮತಿ ಇರಲಿಲ್ಲ: ಮನುಷ್ಯ, ಆನೆ, ಕುದುರೆ, ನಾಯಿ, ಹಾವು, ಸಿಂಹ, ಹುಲಿ, ಚಿರತೆ, ಕರಡಿ, ಕತ್ತೆಕಿರುಬ, ಈ 10 ಬಗೆಯ ಮಾಂಸ ಭಿಕ್ಷುವಿಗೆ ನಿಷಿದ್ಧ.

"ನೋಡಿದಿರಾ, ಬುದ್ಧನೇ ಒಪ್ಪಿದ್ದಾನೆ" ಎನ್ನುವವರೊಡನೆ ನನ್ನ ತಕರಾರು ಇರುವುದು ಇಲ್ಲೇ. ಬೇಡಿ ತಿನ್ನುವವನಿಗೆ ಹೇಳಿದ ಮಾತನ್ನು ಕೊಂಡು ತಿನ್ನುವವನು ತನ್ನದಾಗಿಸಿಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ನಾನು ಪಾತ್ರೆ ಹಿಡಿದವನಲ್ಲ. ಅಂಗಡಿಯಲ್ಲಿ ನಿಂತು ಆರಿಸುತ್ತೇನೆ, ದುಡ್ಡು ಕೊಡುತ್ತೇನೆ. ನಾನು ಕೊಂಡಷ್ಟನ್ನು ತುಂಬಲು ನಾಳೆ ಇನ್ನೊಂದು ಪ್ರಾಣಿ ಸಾಯಬೇಕು. ಗೃಹಸ್ಥರು ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧನೇ ಹೆಸರಿಸಿದ್ದಾನೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಮಾರುವವನಿಗೆ ತಗಲುವ ದೋಷ ಕೊಳ್ಳುವವನ ಹತ್ತಿರ ಸುಳಿಯುವುದೇ ಇಲ್ಲವೆಂದು ನನ್ನ ಮನಸ್ಸು ಒಪ್ಪುವುದಿಲ್ಲ. ಬೇರೆ ತೀರ್ಮಾನಕ್ಕೆ ಬಂದ ಬೌದ್ಧರನ್ನು ನಾನು ಕೀಳಾಗಿ ಕಾಣುವುದಿಲ್ಲ. ಪಂಚಶೀಲದ ಮೊದಲ ಶೀಲ ಕೊಲ್ಲುವುದನ್ನು ಬಿಡು ಎನ್ನುತ್ತದೆ, ತಿನ್ನುವುದರ ಹೆಸರನ್ನೇ ಎತ್ತುವುದಿಲ್ಲ.

ಚೀನಾ, ಜಪಾನ್ ಕಡೆ ಹರಡಿದ ಮಹಾಯಾನ ಶಾಖೆಯ ಒಂದು ಧಾರೆ ಆ ಅಂತರವನ್ನೂ ಉಳಿಸಲಿಲ್ಲ. ಲಂಕಾವತಾರ ಸೂತ್ರ ಮಾಂಸವನ್ನು ಖಂಡತುಂಡವಾಗಿ ನಿರಾಕರಿಸುತ್ತದೆ: ಹುಟ್ಟುಸಾವಿನ ಈ ದೀರ್ಘ ಸುತ್ತಿನಲ್ಲಿ ತಾಯಿಯೋ ತಂದೆಯೋ ಒಡಹುಟ್ಟಿದವರೋ ಆಗಿರದ ಜೀವಿಯೇ ಇಲ್ಲ, ಯಾರನ್ನು ತಿನ್ನುವೆ ಎಂಬುದು ಅದರ ವಾದ. ಚೀನಾದಲ್ಲಿ 6ನೇ ಶತಮಾನದ ಲಿಯಾಂಗ್ ವಂಶದ ವೂ ಎಂಬ ದೊರೆ, ಭಿಕ್ಷುಗಳು ಮಾಂಸ, ಮದ್ಯ ಬಿಡಬೇಕೆಂದು ಕಟ್ಟುನಿಟ್ಟು ಮಾಡಿದ. ಅಲ್ಲಿನ ವಿಹಾರಗಳಲ್ಲಿ ಅಡುಗೆಮನೆಗಳೂ ಇದ್ದವು. ಏನು ಬೇಯಬೇಕೆಂದು ತಾವೇ ತೀರ್ಮಾನಿಸುವವರು ಪಾತ್ರೆಗೆ ಬಿದ್ದದ್ದನ್ನು ತಿಂದೆವು ಎನ್ನುವಂತಿಲ್ಲವಲ್ಲ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಯಂತಹ ಘಾಟಿನ ಪದಾರ್ಥಗಳಿಗೂ ಜಾಗವಿಲ್ಲ. ಬೇಯಿಸಿ ತಿಂದರೆ ಕಾಮವನ್ನೂ ಹಸಿಯಾಗಿ ತಿಂದರೆ ಕೋಪವನ್ನೂ ಕೆರಳಿಸುತ್ತವೆ ಎಂಬ ನಂಬಿಕೆ ಇದೆ.

ಟಿಬೆಟ್ಟಿನ ಎತ್ತರದಲ್ಲಿ ಬಾರ್ಲಿ ಬಿಟ್ಟರೆ ಬೆಳೆಯುವುದು ಕಡಿಮೆ. ಒಂದು ಯಾಕ್ ಸತ್ತರೆ ಎಷ್ಟೋ ಮಂದಿಯ ಹೊಟ್ಟೆ ತುಂಬುತ್ತದೆ, ಅಷ್ಟೇ ಹೊಟ್ಟೆ ತುಂಬಲು ಮೀನುಗಳಾದರೆ ಲೆಕ್ಕವಿಲ್ಲದಷ್ಟು ಜೀವ ಹೋಗಬೇಕು ಎಂದು ಅಲ್ಲಿನವರು ಲೆಕ್ಕ ಹಾಕಿದರು. ಆ ನೆಲದಲ್ಲೂ ಶಬ್ಕರ್‌ನಂತಹ (1781–1851) ಯೋಗಿ ಮಾಂಸ ತೊರೆದು ಅದನ್ನೇ ಬೋಧಿಸಿದ.

ಮಾಂಸದ ಬಗ್ಗೆ ಇಷ್ಟು ಕೇಳುವವರು ಹೊತ್ತಿನ ಬಗ್ಗೆ, ಅಳತೆಯ ಬಗ್ಗೆ ಕೇಳುವುದೇ ಇಲ್ಲ. ಶ್ರೀಲಂಕಾ, ಥಾಯ್ಲೆಂಡ್‌ಗಳಲ್ಲಿ ನಡೆಯುವ ಥೇರವಾದ ಶಾಖೆಯ ಭಿಕ್ಷು ನಡುಹಗಲು ದಾಟಿದ ಮೇಲೆ ಮರುದಿನ ಬೆಳಗಾಗುವವರೆಗೆ ಗಟ್ಟಿ ಆಹಾರ ಮುಟ್ಟುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯಂತಹ ಉಪೋಸಥದ ವ್ರತದಿನ ಅಷ್ಟಶೀಲ, ಅಂದರೆ ಎಂಟು ನಿಯಮ ಹಿಡಿದ ಗೃಹಸ್ಥರೂ ಹಾಗೆಯೇ. ಅಳತೆಯ ಮಾತಿಗೆ ಕೋಸಲದ ದೊರೆ ಪಸೇನದಿ ನನಗೆ ಪ್ರಿಯ. ಕೊಳಗದಷ್ಟು ಅನ್ನ ಉಂಡು ಏದುಸಿರು ಬಿಡುತ್ತಾ ಬುದ್ಧನ ಬಳಿ ಬಂದು ಕುಳಿತ. ಅಳತೆಯರಿತು ಉಣ್ಣುವವನ ನೋವು ಕಡಿಮೆ, ಅವನಿಗೆ ಮುಪ್ಪು ನಿಧಾನ ಎಂಬ ಅರ್ಥದ ಒಂದು ಗಾಥೆಯನ್ನು ಬುದ್ಧನು ಹೇಳಿದ. ದೊರೆ ಅದನ್ನು ಸುದಸ್ಸನನೆಂಬ ಯುವಕನಿಗೆ ಕಲಿಸಿ, ಊಟದ ಹೊತ್ತಿಗೆ ದಿನವೂ ಹೇಳಿಸಿಕೊಂಡ. ಊಟ ಕ್ರಮೇಣ ಇಳಿಯಿತು, ಮೈ ಹಗುರವಾಯಿತು. ಬಯ್ಗುಳವಿಲ್ಲ, ಉಪವಾಸದ ಆಜ್ಞೆಯಿಲ್ಲ, ತುತ್ತಿನ ಹೊತ್ತಿಗೆ ಸರಿಯಾಗಿ ಕಿವಿಗೆ ಬೀಳುವ ಒಂದು ನೆನಪು ಮಾತ್ರ.

ಇದಕ್ಕಿಂತ ಕಠಿಣವಾದದ್ದು 'ಮಗನ ಮಾಂಸ' ಎಂಬ ಅರ್ಥದ ಪುತ್ತಮಂಸ ಸುತ್ತದಲ್ಲಿ, ಅಂದರೆ ಬುದ್ಧನ ಒಂದು ಉಪದೇಶದಲ್ಲಿ ಬರುವ ಉಪಮೆ. ಮರುಭೂಮಿ ದಾಟುತ್ತಿರುವ ಗಂಡ ಹೆಂಡತಿ, ಬುತ್ತಿ ಮುಗಿದಿದೆ, ಮೂವರೂ ಸಾಯುವ ಬದಲು ಇದ್ದೊಬ್ಬ ಮಗನ ಮಾಂಸ ತಿಂದು ಎದೆ ಬಡಿದುಕೊಂಡು ಅಳುತ್ತಾ ದಾಟುತ್ತಾರೆ. ಅವರು ಅದನ್ನು ರುಚಿಗೆ ತಿನ್ನುತ್ತಾರೆಯೇ ಎಂದು ಬುದ್ಧನು ಕೇಳುತ್ತಾನೆ. ಎಲ್ಲ ಅನ್ನವನ್ನೂ ಹಾಗೆ ನೋಡು ಎನ್ನುತ್ತಾನೆ. ಇದನ್ನು ಮೊದಲು ಓದಿದ ದಿನ ನನಗೆ ಊಟ ಸೇರಲಿಲ್ಲ. ಸೊಪ್ಪು, ಕಾಳು ತಿನ್ನುವವನೆಂಬ ನನ್ನ ನಿರಾಳತೆಯೂ ಅಂದೇ ಹೋಯಿತು. ಉಳುವಾಗ ಸಾಯುವ ಹುಳುಗಳ ಲೆಕ್ಕ ನನ್ನ ತಟ್ಟೆಯಲ್ಲೂ ಇದೆ.

ಒಮ್ಮೆ ಝೆನ್ ಶಿಬಿರವೊಂದರಲ್ಲಿ ಓರ್ಯೋಕಿ ಎಂಬ ಊಟದ ಪದ್ಧತಿಯಲ್ಲಿ ಉಂಡೆ. ಒಂದರೊಳಗೊಂದು ಕೂರುವ ಬಟ್ಟಲುಗಳು, ಪೂರ್ತಿ ಮೌನ, ಬೇಕಾದಷ್ಟಾಯಿತು ಎನ್ನಲು ಕೈಸನ್ನೆ. ಊಟ ಮುಗಿದ ಮೇಲೆ ದೊಡ್ಡ ಬಟ್ಟಲಿಗೆ ಬಿಸಿನೀರು ಹೊಯ್ದರು. ಬಟ್ಟೆ ಸುತ್ತಿದ ಚಿಕ್ಕ ಕಡ್ಡಿಯಿಂದ ಒಳಮೈಯನ್ನು ಉಜ್ಜಿ, ಆ ನೀರನ್ನು ಮುಂದಿನ ಬಟ್ಟಲಿಗೆ, ಅಲ್ಲಿಂದ ಅದರ ಮುಂದಿನದಕ್ಕೆ ದಾಟಿಸಬೇಕು. ಕೊನೆಯ ಬಟ್ಟಲಿನಲ್ಲಿ ಮಬ್ಬು ನೀರು, ತಳದಲ್ಲಿ ಒಂದೇ ಒಂದು ಅಗುಳು ತಿರುಗುತ್ತಿತ್ತು. ಸ್ವಲ್ಪ ನೀರನ್ನು ಎಲ್ಲರಂತೆ ಹಿಂದಿರುಗಿಸಿ, ಉಳಿದದ್ದನ್ನು ಅಗುಳಿನ ಸಮೇತ ಕುಡಿದೆ.